ಯಾರ ಮೊಹರು?

ಐದು ವರ್ಷದ ಮಕ್ಕಳ ಕೈಗೆ ಇಂಕ್ ಪ್ಯಾಡ್ ಕೊಟ್ಟಮೇಲೆ ಗೋಡೆಯ ಆಸೆ ಬಿಟ್ಟುಬಿಡಬೇಕು. ಮೊಹರಿನ ತಾತನಿಗೆ ಇದು ಮೊದಲನೇ ಶನಿವಾರವೇ ಗೊತ್ತಾಗಿತ್ತು. ಗೋಡೆ ಹೋಯಿತು, ಬಾಗಿಲು ಹೋಯಿತು, ಒಬ್ಬನ ಹಣೆ ಹೋಯಿತು, ಮಿಸ್ಸಿನ ಬಿಳಿ ದುಪಟ್ಟಾದ ಮೇಲೆ ನಾಲ್ಕು ನೀಲಿ ಮೀನುಗಳು ಈಜತೊಡಗಿದವು. ಮಿಸ್ ಬೈಯಲಿಲ್ಲ. ಅವತ್ತು ಆ ಮಕ್ಕಳು ತಿಂಗಳ ನಂತರ ಮೊದಲ ಸಲ ನಕ್ಕಿದ್ದರು.

ಹಾಸಿಗೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಎರಡೇ ಕೋಣೆಯ ಶಿಶುವಿಹಾರ ಅದು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಿದ್ದರು. ಐದು ತಿಂಗಳ ಹಿಂದೆ ಒಂದು ಮಧ್ಯಾಹ್ನ ಕಾರ್ಖಾನೆಯ ಸ್ಪಂಜಿನ ರಾಶಿಗೆ ಬೆಂಕಿ ಬಿತ್ತು. ಹಿಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದಿತ್ತು. ಹನ್ನೊಂದು ಜನ ಆ ಬಾಗಿಲ ಬಳಿಯೇ ಸಿಕ್ಕಿದರು. ಅವತ್ತು ಸಂಜೆ ಶಿಶುವಿಹಾರದಲ್ಲಿ ಏಳು ಮಕ್ಕಳು ಚಪ್ಪಲಿ ಹಾಕಿಕೊಂಡು, ಚೀಲ ಹಿಡಿದುಕೊಂಡು ಕತ್ತಲಾಗುವವರೆಗೆ ಕೂತೇ ಇದ್ದವು.

ಅದಾಗಿ ಒಂದು ತಿಂಗಳಿಗೆ ಮಿಸ್ ತಾತನ ಮೊಹರು ಕೆತ್ತುವ ಅಂಗಡಿಗೆ ಬಂದಳು. ಶಿಶುವಿಹಾರದ ಮೊಹರಿನ ಹಿಡಿ ಕಿತ್ತುಬಂದಿತ್ತು. ತಾತ ಹಿಡಿ ಅಂಟಿಸುವಾಗ ಅವನ ಮೇಜಿನ ಮೇಲಿದ್ದ ರಬ್ಬರ್ ಚೂರುಗಳನ್ನು ನೋಡುತ್ತ ನಿಂತಳು. ಆಮೇಲೆ ಕೇಳಿದಳು: “ತಾತ, ವಾರಕ್ಕೊಂದು ದಿನ ಬಂದು ನಮ್ಮ ಮಕ್ಕಳಿಗೆ ಇದನ್ನ ಹೇಳಿಕೊಡ್ತೀರಾ? ಮಾತೇ ಆಡ್ತಿಲ್ಲ ಅವು. ಕೈಗಾದ್ರೂ ಏನೋ ಒಂದು ಕೆಲಸ ಸಿಗಲಿ.”

ಆಗಲ್ಲ ಅನ್ನುವ ಮಾತು ಗಂಟಲವರೆಗೆ ಬಂದಿತ್ತು. ತಾತ ಅದನ್ನು ನುಂಗಿಕೊಂಡು, “ಶನಿವಾರ ಬರ್ತೀನಮ್ಮ” ಎಂದ. ಆಗಲ್ಲ ಎಂದಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ಯಾಕೆ ಎನ್ನುವುದನ್ನು ತಾತ ತನ್ನ ಹೆಂಡತಿಗೂ ಹೇಳಿರಲಿಲ್ಲ.

ಪಾಠ ಬಹಳ ಸರಳ. ಪೆನ್ಸಿಲ್ ಅಳಿಸುವ ದಪ್ಪ ರಬ್ಬರು, ಇಂಕು ಮುಗಿದ ಬಾಲ್‌ಪೆನ್ನು. ಮೊದಲು ಕಾಗದದ ಮೇಲೆ ಪೆನ್ಸಿಲಿನಿಂದ ಚಿತ್ರ. ಕಾಗದವನ್ನು ರಬ್ಬರಿನ ಮೇಲೆ ಕವುಚಿ ಉಜ್ಜಿದರೆ ಚಿತ್ರ ತಾನಾಗಿ ತಿರುವುಮುರುವಾಗಿ ಕೂರುತ್ತದೆ. ಗೆರೆಯ ಮೇಲೆ ಖಾಲಿ ಪೆನ್ನನ್ನು ಒತ್ತಿ ಒತ್ತಿ ತಗ್ಗು ಮಾಡುವುದು ಮಕ್ಕಳ ಕೆಲಸ. ಬ್ಲೇಡು ಹಿಡಿದು ಸುತ್ತಲಿನದನ್ನು ತೆಗೆಯುವುದು ತಾತನ ಕೆಲಸ. ಬ್ಲೇಡಿಗೂ ಮಕ್ಕಳಿಗೂ ನಡುವೆ ಯಾವಾಗಲೂ ತಾತನ ಮೊಣಕೈ ಇರುತ್ತಿತ್ತು. “ಮೆಲ್ಲಗೆ ಇಡಿ. ಒತ್ತಿ. ಅಲ್ಲಾಡಿಸಬೇಡಿ. ಈಗ ನೆಟ್ಟಗೆ ಎತ್ತಿ,” ಎನ್ನುತ್ತಿದ್ದ. ಎತ್ತಿದಾಗ ಕಾಗದದ ಮೇಲೆ ತಮ್ಮದೇ ಮೀನು, ತಮ್ಮದೇ ಕಾರು ಕಂಡು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು.

ಪ್ರತಿ ಮೊಹರಿಗೂ ಸುತ್ತ ಒಂದು ಬಳೆ ಗೆರೆ. ಆ ಬಳೆಯಲ್ಲಿ ಒಂದು ಕಡೆ ಅಕ್ಕಿಕಾಳಿನ ಮೊನೆಯಷ್ಟು ಸೀಳು. ಇದು ತಾತ ತನ್ನ ಗುರುವಿನಿಂದ ಕಲಿತದ್ದು. “ನಾಳೆ ಯಾವನಾದ್ರೂ ಇದು ನಿಂದಾ ಅಲ್ವಾ ಅಂತ ಜಗಳ ತೆಗೆದರೆ ನಿನಗಾದ್ರೂ ಗೊತ್ತಿರಬೇಕು,” ಎಂದು ಆ ಮುದುಕ ಹೇಳಿದ್ದ. ನಲವತ್ತು ವರ್ಷದಿಂದ ತಾತ ಕೆತ್ತಿದ ಒಂದೊಂದು ಮೊಹರಿನಲ್ಲೂ ಬಳೆಯ ಕೆಳಗೆ, ಎಡಗಡೆಗೆ ಆ ಸೀಳು ಇದೆ. ಗಿರಾಕಿಗಳಿಗೆ ಅದು ಕಂಡದ್ದೇ ಇಲ್ಲ. ಮಕ್ಕಳಿಗೆ ಕಂಡಿತು. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಸೀಳಿಗೆ ಜಾಗ ಆರಿಸಿಕೊಂಡರು, ಅದರಿಂದಲೇ ಒಂದು ಆಟವೂ ಹುಟ್ಟಿತು.

ಆಟದ ಹೆಸರು ‘ಯಾರ ಮೊಹರು?’. ತಾತ ಚಿತ್ರ ಮುಚ್ಚಿ ಬಳೆಗಳನ್ನಷ್ಟೇ ಒತ್ತಿದ ಒಂದು ಹಾಳೆ ಹಿಡಿಯುತ್ತಾನೆ. ಸೀಳು ಎಲ್ಲಿದೆ ನೋಡಿ ಮಕ್ಕಳು ಹೆಸರು ಹೇಳಬೇಕು. ಸರಿ ಹೇಳಿದರೆ ಆ ಮೊಹರು ಅವತ್ತಿನ ಮಟ್ಟಿಗೆ ಅವರದು. ತಪ್ಪು ಹೇಳಿದವರು ತಮ್ಮ ಮೊಹರನ್ನು ಡಬ್ಬಿಗೆ ಹಾಕಬೇಕು.

ಈ ಆಟದಲ್ಲಿ ಕಡ್ಡಿ ಒಂದು ಸಲವೂ ಸೋತವಳಲ್ಲ. ಕಡ್ಡಿ ಎಂದರೆ ಕಡ್ಡಿಯೇ. ಗಾಳಿ ಬಂದರೆ ಹಾರಿಹೋಗುವ ಹಾಗಿದ್ದ ಹುಡುಗಿ. ಮಾತು ಕಡಿಮೆ, ಕಣ್ಣು ಮಾತ್ರ ಹದ್ದಿನದು. ಯಾವ ಚಿತ್ರ ಬೇಕಮ್ಮ ಎಂದು ತಾತ ಕೇಳಿದಾಗ ಅವಳು “ಬೀಗದ ಕೈ” ಎಂದಿದ್ದಳು. ಅವಳ ತಾಯಿ ಕಾರ್ಖಾನೆಯ ಮೇಲ್ವಿಚಾರಕಿ. ಸೊಂಟದಲ್ಲಿ ಕೀಲಿಗೊಂಚಲು ಸಿಕ್ಕಿಸಿಕೊಂಡು, ಝಣಝಣ ಸದ್ದು ಮಾಡಿಕೊಂಡು ಬರುತ್ತಿದ್ದವಳು. ಆ ಹನ್ನೊಂದು ಜನರಲ್ಲಿ ಅವಳೂ ಒಬ್ಬಳು.

“ಅವಳಮ್ಮನೇ ಬೀಗ ಹಾಕಿದ್ದು,” ಎಂದು ಪಕ್ಕದ ಚಾಪೆಯ ಡುಮ್ಮ ಅವತ್ತೇ ಹೇಳಿದ್ದ. ಡುಮ್ಮನ ಅಪ್ಪನೂ ಬಾಗಿಲ ಬಳಿ ಸಿಕ್ಕಿದವನು. ಮನೆಯಲ್ಲಿ ದೊಡ್ಡವರು ಆಡಿದ್ದನ್ನು ಅವನು ತಂದು ಇಲ್ಲಿ ಹೇಳಿದ, ಅಷ್ಟೆ. ಅಂದಿನಿಂದ ಪ್ರತಿ ಶನಿವಾರ ತನ್ನ ಚಾಪೆಯನ್ನು ಕಡ್ಡಿಯ ಪಕ್ಕದಿಂದ ಎಳೆದು ತಾತನ ಮೊಣಕಾಲಿಗೆ ತಾಗಿಸಿ ಹಾಕಿಕೊಳ್ಳುತ್ತಿದ್ದ. ತಾತ ಏನೂ ಹೇಳುತ್ತಿರಲಿಲ್ಲ. ಕಡ್ಡಿಯ ಬೀಗದ ಕೈಯನ್ನು ಮಾತ್ರ ಉಳಿದೆಲ್ಲವಕ್ಕಿಂತ ಅಂದವಾಗಿ ಬಿಡಿಸಿಕೊಟ್ಟಿದ್ದ.

ಏನೂ ಹೇಳದಿರಲು ಕಾರಣವಿತ್ತು, ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಬೆಂಕಿಗೆ ಒಂದು ತಿಂಗಳ ಮುಂಚೆ ಕಾರ್ಖಾನೆಯ ಮ್ಯಾನೇಜರ್ ತಾತನ ಅಂಗಡಿಗೆ ಬಂದಿದ್ದ. ಕೈಯಲ್ಲಿ ಒಂದು ಮೊಹರಿನ ಗುರುತು ಬಿದ್ದ ಕಾಗದ. ಕಾರ್ಖಾನೆಗಳ ಇನ್‌ಸ್ಪೆಕ್ಟರ ಮೊಹರು ಸವೆದಿದೆಯಂತೆ, ಹೊಸದು ಬೇಕಂತೆ. ಸರ್ಕಾರದ ಮೊಹರಿಗೆ ಕಚೇರಿಯ ಪತ್ರ ಬೇಕು. ಪತ್ರ ಇಲ್ಲದೆ ತಾತ ಒಂದು ಗೆರೆಯನ್ನೂ ಕೆತ್ತಿದವನಲ್ಲ. ಅವತ್ತೂ ಕೇಳುವವನೇ ಇದ್ದ. ಅಷ್ಟರಲ್ಲಿ ಮ್ಯಾನೇಜರ್, “ಇಷ್ಟು ಸಣ್ಣ ಅಕ್ಷರ ಯಂತ್ರದಲ್ಲಿ ಮೊಹರು ಮಾಡೋ ಎದುರಿನ ಅಂಗಡಿಯವರಿಗೇ ಆಗಲ್ಲ ಅಂದ್ರು. ಇನ್ನು ನಿಮ್ಮ ವಯಸ್ಸಿಗೆ...” ಎಂದು ಕಾಗದ ಮಡಚಿದ.

ತಾತ ಕೈ ಚಾಚಿ ಆ ಕಾಗದ ಕಿತ್ತುಕೊಂಡ. ಪತ್ರದ ಮಾತು ಬಾಯಿಂದ ಬರಲೇ ಇಲ್ಲ. ಎರಡು ಹಗಲು ಕೂತು ಒಂದು ಬೇಡದ ಚೂರಿನ ಮೇಲೆ ಮೊದಲು ಕೆತ್ತಿ ನೋಡಿ, ಆಮೇಲೆ ಕೊಡಬೇಕಾದದ್ದನ್ನು ಕೆತ್ತಿದ. ಅಸಲಿಗೂ ಇದಕ್ಕೂ ವ್ಯತ್ಯಾಸ ಹುಡುಕಿದರೆ ಸಿಗದು ಎಂದು ತಾನೇ ಉಬ್ಬಿಹೋದ. ವ್ಯತ್ಯಾಸ ಒಂದಿತ್ತು. ಕೈ ತನ್ನ ಪಾಡಿಗೆ ತಾನು ಬಳೆಯ ಕೆಳಗೆ ಎಡಗಡೆ ಸೀಳು ಬಿಟ್ಟಿತ್ತು. ಕಳ್ಳಮಾಲಿನ ಮೇಲೆ ತನ್ನ ಗುರುತು ಹಾಕಿಕೊಟ್ಟ ಜಾಣ!

ಹಿಂಬಾಗಿಲಿನ ಬೀಗ ತೆಗೆಸಿದೆ, ಬಾಗಿಲು ಸಲೀಸಾಗಿ ತೆರೆಯುತ್ತದೆ ಎನ್ನುವ ತಪಾಸಣೆ ಪತ್ರಕ್ಕೆ ಆ ಮೊಹರು ಬಿದ್ದಿದೆ ಎಂದು ತಾತನಿಗೆ ಬೆಂಕಿಯ ಮರುದಿನ ಪೇಪರಿನಲ್ಲಿ ಚಿತ್ರ ನೋಡಿದಾಗ ತಿಳಿಯಿತು. ತಪಾಸಣೆಗೆ ತಾನು ಬರಲೇ ಇಲ್ಲ ಎಂದರೆ ಇನ್‌ಸ್ಪೆಕ್ಟರಿಗೂ ಕಷ್ಟ. ಆತ, ಹೌದು, ಮೊಹರು ನನ್ನದೇ, ನಾನೇ ನೋಡಿ ಬಂದೆ ಎಂದು ಕೈ ತೊಳೆದುಕೊಂಡ. ಬಾಗಿಲು ಸರಿಯಿತ್ತು ಎಂದಮೇಲೆ ಆಮೇಲೆ ಯಾರೋ ಬೀಗ ಹಾಕಿರಬೇಕು. ಕೀಲಿಗೊಂಚಲು ಯಾರ ಸೊಂಟದಲ್ಲಿತ್ತು? ಸತ್ತವಳ ತಲೆಯ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ! ಬಾಯಿ ಬಿಡಬೇಕಾದವನು ತಾತ ಒಬ್ಬನೇ. ಅವನು ಜೈಲಿಗೆ ಹೆದರಿದ, ಬೀದಿಯವರ ಮುಖಕ್ಕೆ ಅದಕ್ಕಿಂತ ಹೆಚ್ಚು ಹೆದರಿದ. ಇವತ್ತು, ನಾಳೆ ಎನ್ನುತ್ತ ಐದು ತಿಂಗಳು ಕಳೆದ.

ಈ ಶನಿವಾರ ಆಟ ಅರ್ಧಕ್ಕೆ ಬಂದಿದ್ದಾಗ ಕಡ್ಡಿಯ ಅಜ್ಜಿ ಒಳಗೆ ಬಂದಳು. ಸತ್ತವಳ ತಾಯಿ. ಚೀಲದಿಂದ ಕಾಗದಗಳನ್ನು ತೆಗೆದು ಮಿಸ್ಸಿನ ಮೇಜಿನ ಮೇಲಿಟ್ಟಳು.

“ಸೋಮವಾರ ಕೊನೇ ವಿಚಾರಣೆ ಅಂತೆ. ಏನಾದ್ರೂ ಹೇಳೋದಿದ್ರೆ ಅವತ್ತೇ ಹೇಳ್ಬೇಕಂತೆ. ಏನು ಬರೆದಿದೆ ಸ್ವಲ್ಪ ಓದಿ ಮಿಸ್.”

ಮಿಸ್ ಓದಿದಳು. ಓದುತ್ತಾ ಓದುತ್ತಾ ದನಿ ಇಳಿಯಿತು. ಸಾವುಗಳಿಗೆ ಮೇಲ್ವಿಚಾರಕಿಯೇ ಹೊಣೆ ಎಂದು ವರದಿಯಲ್ಲಿತ್ತು.

“ಆ ಬೀಗದ ಕೈ ಅವಳ ಗೊಂಚಲಲ್ಲಿ ಇರ್ಲೇ ಇಲ್ಲ,” ಎಂದಳು ಅಜ್ಜಿ. “ಮ್ಯಾನೇಜರ್ ತನ್ನ ಜೇಬಲ್ಲೇ ಇಟ್ಕೊಂಡಿದ್ದ. ಮಾಲು ಕದೀತಾರೆ ಅಂತ. ತೆಗೆಸಿ ಅಂತ ದಿನಾ ಕೇಳ್ತೀನಮ್ಮ, ಕಿವಿಗೇ ಹಾಕ್ಕೊಳ್ಳಲ್ಲ ಅಂತಿದ್ಲು. ನಾನು ಹೋಗಿ ಏನಂತ ಹೇಳ್ಲಿ? ಅವರ ಕೈಲಿ ಮೊಹರು ಬಿದ್ದ ಕಾಗದ ಇದೆ. ನನ್ನ ಕೈಲಿ ಏನಿದೆ?”

ಕಡ್ಡಿ ಎದ್ದು ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು. ಅವಳ ಮೂಗು ಮೇಜಿನ ಎತ್ತರಕ್ಕೆ ಸರಿಯಾಗಿತ್ತು. ಕಣ್ಣು ತಪಾಸಣೆ ಪತ್ರದ ನಕಲಿನ ಮೇಲೆ ಬಿತ್ತು. ಬೆರಳು ಬಳೆಯ ಸುತ್ತ ಹೋಗಿ, ಕೆಳಗೆ, ಎಡಗಡೆ ನಿಂತಿತು.

“ಇದು ತಾತಂದು!”

ತಾತ ಕೈಯಲ್ಲಿದ್ದ ಆಟದ ಹಾಳೆಯನ್ನು ಕವುಚಿ ಇಟ್ಟ.

“ಸುಮ್ನಿರೇ,” ಎಂದಳು ಅಜ್ಜಿ. “ಅದು ಸರ್ಕಾರದ್ದು.”

“ಅಲ್ಲ ಅಜ್ಜಿ. ನೋಡು, ಇಲ್ಲಿ ಸೀಳಿದೆ. ತಾತಂದೇ.”

“ನಕಲು ತೆಗೆಯುವಾಗ ಹಾಗೆ ಬಿದ್ದಿರುತ್ತೆ ಪುಟ್ಟಿ,” ಎಂದಳು ಮಿಸ್. ಅವಳಿಗೆ ಮೊಹರಿಗಿಂತ ವರದಿಯ ಸಂಕಟವೇ ದೊಡ್ಡದಾಗಿತ್ತು. ಕಡ್ಡಿ ಯಾರ ಮಾತನ್ನೂ ಕೇಳದೆ ತಾತನ ಕಡೆ ತಿರುಗಿದಳು. ಮುಖದಲ್ಲಿ ಗೆದ್ದವಳ ಖುಷಿ.

“ತಾತಾ, ನಿಂದೇ ಅಲ್ವಾ?”

ತಪ್ಪಿಸಿಕೊಳ್ಳುವ ದಾರಿಯನ್ನು ದೊಡ್ಡವರಿಬ್ಬರು ಆಗಲೇ ಮಾಡಿಕೊಟ್ಟಿದ್ದರು. ತಾತ ಅದರೊಳಗೆ ನುಸುಳಿದ. “ಇಲ್ಲ ಪುಟ್ಟಿ,” ಎಂದ. “ಅದು ನಂದಲ್ಲ.”

ಕಡ್ಡಿ ಇನ್ನೊಂದು ಸಲ ಕಾಗದ ನೋಡಿದಳು. ವಾದ ಮಾಡಲಿಲ್ಲ. ತಾತ ಹೇಳಿದಮೇಲೆ ಮುಗಿಯಿತು. ಮೊಹರಿನ ವಿಷಯದಲ್ಲಿ ಅವನಿಗಿಂತ ತಿಳಿದವರು ಅವಳ ಲೋಕದಲ್ಲಿ ಯಾರೂ ಇರಲಿಲ್ಲ. ಮೆಲ್ಲಗೆ ನಡೆದು ತನ್ನ ಚಾಪೆಗೆ ಹೋದಳು, ಬೀಗದ ಕೈಯ ಮೊಹರು ತೆಗೆದುಕೊಂಡಳು, ತಂದು ತಾತನ ಮುಂದಿದ್ದ ಡಬ್ಬಿಗೆ ಹಾಕಿದಳು.

“ನಾನು ಸೋತೆ,” ಎಂದಳು.

“ಸೋತ್ಲು, ಸೋತ್ಲು!” ಎಂದು ಡುಮ್ಮ ಚಪ್ಪಾಳೆ ತಟ್ಟಿದ.

ರಬ್ಬರಿನ ಚೂರು ತಗಡಿನ ಡಬ್ಬಿಗೆ ಬಿದ್ದ ಸದ್ದು ಎಷ್ಟಿರುತ್ತದೆ! ತಾತನಿಗೆ ಮಾತ್ರ ಆ ಸದ್ದಿನ ನಂತರ ಬೇರೇನೂ ಕೇಳಿಸಲಿಲ್ಲ. ತಾಯಿಯನ್ನು ಕಳೆದುಕೊಂಡಿತ್ತು ಮಗು, ತಾಯಿಯ ಹೆಸರನ್ನು ಕಳೆದುಕೊಂಡಿತ್ತು, ಈಗ ತನ್ನ ಕಣ್ಣಿನ ಮೇಲಿದ್ದ ನಂಬಿಕೆಯನ್ನೂ ತಂದು ಅವನ ಡಬ್ಬಿಗೆ ಹಾಕಿತು.

ಅವನು ಡಬ್ಬಿಗೆ ಕೈ ಹಾಕಿ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟ. “ನೀನು ಸೋತಿಲ್ಲ,” ಎಂದ. “ಅದು ನಂದೇ. ನಾನೇ ಕೆತ್ತಿದ್ದು.”

“ಹಂಗಾದ್ರೆ ನಾನು ಗೆದ್ದೆ,” ಎಂದಳು ಕಡ್ಡಿ. ಕೈ ಚಾಚಿದಳು. “ಆ ಮೊಹರು ಕೊಡು.”

ಆಟದ ನಿಯಮ ಅದು. ತಾತ ತನ್ನ ಉಳಿ, ಬ್ಲೇಡುಗಳ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡ. ತಳದ ಬಟ್ಟೆ ಎತ್ತಿ, ಮೊದಲು ಕೆತ್ತಿ ನೋಡಿದ್ದ ಆ ಬೇಡದ ಚೂರು ತೆಗೆದ. ಚರಂಡಿಗೆ ಎಸೆಯಬೇಕೆಂದು ಎಷ್ಟೋ ಸಲ ಹೊರಗೆ ಒಯ್ದು ಹಾಗೇ ತಂದಿದ್ದ. ಕಡ್ಡಿ ಅದನ್ನು ಪ್ಯಾಡಿಗೆ ತಾಗಿಸಿ, ಮೆಲ್ಲಗೆ ಇಟ್ಟು, ಒತ್ತಿ, ಅಲ್ಲಾಡಿಸದೆ, ನೆಟ್ಟಗೆ ಎತ್ತಿದಳು. ಚೆನ್ನಾಗಿ ಕಲಿತಿದ್ದಳು. ನಕಲಿನ ಮೇಲಿದ್ದದ್ದೇ ಹಾಳೆಯ ಮೇಲೆ ಬಿತ್ತು, ಅದೇ ಅಕ್ಷರ, ಅದೇ ಸೀಳು.

ಅಜ್ಜಿ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಓದು ಬಾರದಿದ್ದರೂ ಇದು ಅವಳಿಗೆ ತಿಳಿಯಿತು.

“ಯಾವತ್ತಿಂದ ಗೊತ್ತು ನಿಮಗೆ?”

“ಬೆಂಕಿ ಬಿದ್ದ ಮಾರನೇ ದಿನದಿಂದ.”

“ಗೊತ್ತಿದ್ದೂ ಇಷ್ಟು ಶನಿವಾರ ಇವಳ ಕೈ ಹಿಡಿದು ಕಲಿಸಿದ್ರಲ್ಲ ಅಣ್ಣ.” ದನಿ ಏರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ತಾತನಿಗೆ.

“ಸೋಮವಾರ ಬರ್ತೀನಮ್ಮ. ಎಲ್ಲರ ಮುಂದೆ ಹೇಳ್ತೀನಿ. ಜೈಲಿಗೆ ಹಾಕಿದ್ರೆ ಹಾಕ್ಲಿ.”

ಅಜ್ಜಿ ರಬ್ಬರಿನ ಚೂರನ್ನೂ ಹಾಳೆಯನ್ನೂ ಕಾಗದಗಳ ಜೊತೆ ಸೇರಿಸಿ ಚೀಲದಲ್ಲಿಟ್ಟಳು. “ಬನ್ನಿ,” ಎಂದಳು. “ಬರ್ಲೇಬೇಕು. ಆದ್ರೆ ನಮ್ಮ ಜೊತೆ ಬರ್ಬೇಡಿ. ನಿಮ್ಮ ಪಾಡಿಗೆ ನೀವು ಬನ್ನಿ.” ಕಡ್ಡಿಗೆ ಚಪ್ಪಲಿ ಹಾಕಿಸಿ ಕರೆದುಕೊಂಡು ಹೋದಳು. ಬಾಗಿಲಲ್ಲಿ ಕಡ್ಡಿ ತಾತನಿಗೆ ಟಾಟಾ ಮಾಡಿದಳು.

ಮಿಸ್ ಗೋಡೆಗೆ ಒರಗಿ ನಿಂತಿದ್ದಳು. ಬಾ ಎಂದು ಕರೆದವಳು ತಾನೇ ಎನ್ನುವುದು ಅವಳ ಮುಖದಲ್ಲಿತ್ತು.

ಡುಮ್ಮ ತಾತನ ಅಂಗಿ ಜಗ್ಗಿದ. “ಹಂಗಾದ್ರೆ ಕಡ್ಡಿ ಅಮ್ಮ ಬೀಗ ಹಾಕ್ಲಿಲ್ವಾ?”

“ಇಲ್ಲ ಕಂದ. ಹಾಕ್ಲಿಲ್ಲ.”

“ಮತ್ತೆ ಯಾರು?”

“ಹಾಕಿದ್ದು ಬೇರೆಯವರು.” ತಾತ ಪೆಟ್ಟಿಗೆ ಮುಚ್ಚಿದ. “ಬೀಗ ಇಲ್ಲ ಅಂತ ಸುಳ್ಳು ಹೇಳೋಕೆ ಮೊಹರು ಮಾಡಿಕೊಟ್ಟಿದ್ದು ನಾನು.”

ಡುಮ್ಮನಿಗೆ ಎಲ್ಲವೂ ಅರ್ಥವಾಯಿತೋ ಇಲ್ಲವೋ. ಅವನು ಎದ್ದ, ತಾತನ ಮುಂದಿದ್ದ ತನ್ನ ಕಾರಿನ ಮೊಹರು ತೆಗೆದುಕೊಂಡ, ಚಾಪೆಯ ಎರಡು ತುದಿ ಹಿಡಿದು ಹಿಂದಕ್ಕೆ ಎಳೆದುಕೊಂಡು ಹೋದ. ಕೋಣೆಯ ಆ ಬದಿಗೆ, ಕಡ್ಡಿಯ ಖಾಲಿ ಚಾಪೆಗೆ ತಾಗಿಸಿ ಹಾಕಿಕೊಂಡು ಕೂತ.