ಸೋಮವಾರ ಬಂದ ವ್ಯಾಗನ್

ವ್ಯಾಗನ್ ಮಂಗಳವಾರ ಬರುತ್ತದೆ ಎಂದು ರೈಲ್ವೆಯವರು ಹೇಳಿದ್ದರು. ಸೋಮವಾರ ಬೆಳಿಗ್ಗೆಯೇ ಬಂದು ಚಾಮರಾಜನಗರದ ಸ್ಟೇಷನ್ನಿನಲ್ಲಿ ನಿಂತಿದೆಯಂತೆ. ಸಂಜೆಯೊಳಗೆ ತುಂಬದಿದ್ದರೆ ಅದನ್ನು ರೈಸ್ ಮಿಲ್ಲಿನವನಿಗೆ ಕೊಡುತ್ತಾರಂತೆ. ಲಾರಿ ಡ್ರೈವರ್ ಗೋವಿಂದಯ್ಯ ಇಷ್ಟು ಹೇಳುವಷ್ಟರಲ್ಲಿ ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮೂರು ಹೊನ್ನೂರಿನ ಭತ್ತವನ್ನು ಆ ಮಿಲ್ಲಿನವನು ಕೇಳಿದ ದರಕ್ಕೆ ಕೊಟ್ಟು ಕೊಟ್ಟು ಸಾಕಾಗಿ, ನಾವೇ ಮಲೆಯಾಳದ ಕಡೆಗೆ ಕಳಿಸೋಣ ಎಂದು ಊರನ್ನೆಲ್ಲ ಒಪ್ಪಿಸಿದವಳು ನಾನು. ವ್ಯಾಗನ್ನಿಗೆ ಅರ್ಜಿ ಹಾಕಿದ್ದೂ ನನ್ನ ಹೆಸರಿನಲ್ಲೇ. ಇದೊಂದು ತಪ್ಪಿದರೆ ಇನ್ನು ಯಾರೂ ನನ್ನ ಮಾತು ಕೇಳುವುದಿಲ್ಲ.

ಊರ ಮುಂದಿನ ಕಾಲುವೆಯ ಮರದ ಸೇತುವೆ ಲಾರಿಯ ಭಾರ ತಡೆಯದು. ಮೂಟೆಗಳು ಗಾಡಿಯಲ್ಲೇ ದೊಡ್ಡ ರಸ್ತೆಗೆ ಹೋಗಬೇಕು. ಆದರೆ ಸೋಮವಾರ ನಮ್ಮಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ.

"ನಾಳೀಕೆ ಕಟ್ಟಾನ ಬುಡವ್ವ," ಎಂದರು ನನ್ನ ಮಾವ ಪುಟ್ಟಮಲ್ಲಪ್ಪ, ಜಗಲಿಯಿಂದ ಏಳದೆ. ಹೆಂಗಸಿಗೆ ಯಾಕೆ ವ್ಯಾಪಾರ ಎಂದು ಮೊದಲಿನಿಂದಲೂ ಮುಖ ತಿರುಗಿಸಿಕೊಂಡವರು ಅವರು.

"ನಾಳೀಕೆ ವ್ಯಾಗನ್ ಇರಕಿಲ್ಲ ಮಾವ. ಎತ್ತು ಮಲ್ಗಿರ್ಲಿ, ನಾನೇ ಎಳೀತೀನಿ," ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೊಗ ಎತ್ತಿದೆ.

ಮೂಟೆ ತುಂಬಿದ ಗಾಡಿ ಒಂದು ಗೇಣೂ ಅಲುಗಲಿಲ್ಲ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಪಕ್ಕದ ಮನೆಯ ಚನ್ನಮಲ್ಲಮ್ಮ ಓಡಿಬಂದು ಚಕ್ರಕ್ಕೆ ಕೈ ಕೊಟ್ಟಳು. ಅಷ್ಟರಲ್ಲಿ ನೊಗದ ಇನ್ನೊಂದು ತುದಿ ಮೇಲೆದ್ದಿತು. ನೋಡಿದರೆ ಮಾವ.

"ಸರ್ಯಾಗಿ ಇಡ್ಕೊ. ಕಾಲ್ವೆಗ್ ಕೆಡವೀಯ," ಎಂದು ಗದರಿದರು.

ಆಮೇಲೆ ಕೇಳಬೇಕೆ? ಅಂಥ ಹಿರಿಯರೇ ನೊಗ ಹಿಡಿದ ಮೇಲೆ ಜಗಲಿಯಲ್ಲಿ ಕೂರುವ ಧೈರ್ಯ ಯಾರಿಗಿದೆ? ಬೀದಿಬೀದಿಯಿಂದ ಗಾಡಿಗಳು ಹೊರಟವು, ಎಲ್ಲಕ್ಕೂ ಮನುಷ್ಯರದೇ ಹೆಗಲು. ಕೊಟ್ಟಿಗೆಯ ಎತ್ತುಗಳು ಮೇವು ಬಿಟ್ಟು ನಮ್ಮನ್ನೇ ನೋಡುತ್ತಿದ್ದವು. ಗೋವಿಂದಯ್ಯ ಒಂದು ಲೋಡು ಇಳಿಸಿ ಬರುವಷ್ಟರಲ್ಲಿ ಮುಂದಿನದು ರಸ್ತೆಯ ಬದಿಯಲ್ಲಿ ಸಿದ್ಧವಾಗಿರುತ್ತಿತ್ತು. ನನಗೆ ಹಸಿವೂ ಇಲ್ಲ, ನೋವೂ ಇಲ್ಲ, ಬರೀ ಹುಮ್ಮಸ್ಸು.

ಕೊನೆಯ ಲೋಡಿನ ಜೊತೆ ಮಾವನೂ ನಾನೂ ಸ್ಟೇಷನ್ನಿಗೆ ಹೋದೆವು. ಹೊತ್ತು ಮುಳುಗುವ ಮೊದಲೇ ವ್ಯಾಗನ್ನಿನ ಬಾಗಿಲು ಎಳೆದು ಸೀಲು ಹಾಕಿದರು. ನನಗೆ ಕುಣಿಯಬೇಕು ಅನ್ನಿಸಿತು.

"ಮುಂದಿನ ವಾರಕ್ಕೂ ಒಂದು ವ್ಯಾಗನ್ ಬೇಕಾ, ಯಜಮಾನ್ರೇ?" ಎಂದು ಗೂಡ್ಸ್ ಗುಮಾಸ್ತ ಮಾವನನ್ನು ಕೇಳಿದ.

ಮಾವ ಕೆಂಪಾದ ಹೆಗಲನ್ನು ಒರೆಸಿಕೊಳ್ಳುತ್ತ ನನ್ನ ಕಡೆ ಕೈ ತೋರಿದರು.

"ನನ್ನೇನ್ ಕೇಳೀರಿ ಸಾ? ಯಜಮಾನ್ರು ಅವ್ರು."