ಬೆಲ್ ಒತ್ತಿದರೆ ಫ್ಯಾನ್ ನಿಲ್ಲುವ ಲಿಫ್ಟ್

ದೇವಕ್ಕ ಸುಳ್ಳು ಹೇಳುವವಳಲ್ಲ ಎಂದು ನಾನು ಮೊದಲ ದಿನವೇ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ‘ಯಮುನಾಗೆ ಮೂಗಿನ ತುದಿಯಲ್ಲೇ ಕೋಪ’ ಎಂದು ನನಗೆ ಹೆಸರು ಬಿದ್ದಿರುವುದರಿಂದ ಆಫೀಸಿನಲ್ಲಿ ನನ್ನ ಮಾತಿಗೆ ಬೆಲೆ ಸ್ವಲ್ಪ ಕಡಿಮೆ.

ದೊಡ್ಡನೆಕ್ಕುಂದಿಯಲ್ಲಿ ಆಂಜಿನಪ್ಪನವರ ಕಟ್ಟಡದ ನಾಲ್ಕನೇ ಮಹಡಿ ನಮ್ಮದು. ಲಿಫ್ಟ್‌ಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಬರೆಯುತ್ತೇವೆ, ಪ್ರಯೋಗವೆಲ್ಲ ಇದೇ ಕಟ್ಟಡದ ಲಿಫ್ಟಿನ ಮೇಲೆ. ಯಾದಗಿರಿ ಕಡೆಯ ದೇವಕ್ಕ ಇಲ್ಲಿ ನೆಲ ಒರೆಸುತ್ತಾಳೆ. ಸೋಮವಾರ ಮಧ್ಯಾಹ್ನ ಲಿಫ್ಟ್ ಎರಡು ಮಹಡಿಗಳ ನಡುವೆ ಕೆಟ್ಟು ನಿಂತು ಅವಳು ಒಳಗೆ ಸಿಕ್ಕಿಕೊಂಡಳು. ಬಾಗಿಲು ಬಡಿಯುವ ಸದ್ದು ಯಾರಿಗೋ ಕೇಳಿಸಿ ಹೊರಗೆ ತೆಗೆಯುವಷ್ಟರಲ್ಲಿ ಸೀರೆ ಬೆವರಿಗೆ ತೊಯ್ದು ತೊಪ್ಪೆಯಾಗಿತ್ತು.

“ಬೆಲ್ ಒತ್ತೀನ್ರೀ. ಒತ್ತಿದ್ ಕೂಡ್ಲೆ ಫ್ಯಾನ್ ಸೈತ ನಿಂತ್ ಬಿಡ್ತು,” ಎಂದಳು. ಸುತ್ತ ನಿಂತವರು ನಕ್ಕರು.

ಆಂಜಿನಪ್ಪ ಮೇಲೆ ಬಂದು ನಮ್ಮ ಪರದೆ ನೋಡಿದರು. ಬೆಲ್ಲಿನ ಸುದ್ದಿಯೇ ಇರಲಿಲ್ಲ. “ಕಂಪ್ಯೂಟರ್‌ಗೆ ಸುಳ್ಳು ಯೋಳಾಕ್ ಬತ್ತದಾ? ಬಕೆಟ್ ನೀರು ಚೆಲ್ಲಿ ಲಿಫ್ಟ್ ಕೆಡಿಸವ್ಳೆ, ಈಗ ಕತೆ ಕಟ್ತಾವ್ಳೆ. ಶನಿವಾರಕ್ಕೆ ಲೆಕ್ಕ ಮುಗಿಸಿ ಕಳಿಸ್ತೀನಿ,” ಎಂದರು.

ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಹೇಳುವವರು ನಂಬುವಂಥ ಸುಳ್ಳು ಹೇಳುತ್ತಾರೆ. ಬೆಲ್ ಒತ್ತಿದರೆ ಫ್ಯಾನ್ ನಿಂತಿತು ಎಂದು ಯಾರು ಕಟ್ಟಿ ಹೇಳುತ್ತಾರೆ? ಲಿಫ್ಟ್ ರಿಪೇರಿಯಾದ ಕೂಡಲೇ ನಾನೇ ಒಳಗೆ ಹೋಗಿ ಬೆಲ್ ಒತ್ತಿದೆ. ಫ್ಯಾನ್ ನಿಂತಿತು. ಕೆಳಗೆ ರಿಂಗಾಗಬೇಕಿದ್ದ ಸೆಕ್ಯುರಿಟಿಯವನ ಫೋನ್ ತೆಪ್ಪಗೆ ಕೂತಿತ್ತು.

ಸೀಟಿಗೆ ಬಂದು ಕೋಡ್ ತೆರೆದೆ. ನಾವು ಬರೆಯುವುದು ಫಂಕ್ಷನಲ್ ಎಂಬ ಕಟ್ಟುನಿಟ್ಟಿನ ಜಾತಿಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಅದರಲ್ಲಿ ಒಂದು ಲಿಸ್ಟಿನೊಳಗೆ ಒಂದೇ ಟೈಪಿನವು ಇರಬೇಕು: ಎಲ್ಲವೂ ಅಂಕಿ, ಇಲ್ಲವೇ ಎಲ್ಲವೂ ಪದ. ಲಿಫ್ಟ್ ಕಳಿಸುವುದೋ ಕಲಬೆರಕೆ. ತೂಕವೊಂದು ಅಂಕಿ, ಬಾಗಿಲಿನ ಸ್ಥಿತಿಯೊಂದು ಪದ, ಜೊತೆಗೆ ಬೆಲ್. ನಮ್ಮ ಟೀಮ್ ಲೀಡ್ ನಂದೀಶ್ ತಲೆನೋವೇ ಬೇಡವೆಂದು ಎಲ್ಲವನ್ನೂ ಪದ ಮಾಡಿ ಲಿಸ್ಟಿಗೆ ತುಂಬಿದ್ದ. ಓದುವಾಗ, ಅಂಕಿಯ ಹಾಗೆ ಕಂಡದ್ದೆಲ್ಲ ತೂಕ! ಹೋದ ತಿಂಗಳು ಲಿಫ್ಟಿಗೆ ಹಾಕಿದ ಹೊಸ ಬಟನ್ ಪ್ಯಾನೆಲ್ ಬೆಲ್ ಒತ್ತಿದಾಗ ‘1’ ಎಂದು ಕಳಿಸುತ್ತದೆ. ನಮ್ಮ ಪ್ರೋಗ್ರಾಂ ಅದನ್ನು ಒಂದು ಕಿಲೋ ಎಂದು ಓದಿ, ಒಳಗೆ ಯಾರೂ ಇಲ್ಲವೆಂದು ತೀರ್ಮಾನಿಸಿ, ಕರೆಂಟ್ ಉಳಿಸಲು ಫ್ಯಾನ್ ಆರಿಸಿತ್ತು. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೆಂದರೆ ಇದೇ.

ನಂದೀಶನಿಗೆ ತೋರಿಸಿದೆ. ಮುಖ ಸಣ್ಣದಾಯಿತು. ಆದರೂ, “ಒಂದು ಅಂತ ಬಂದ್ರೆ ಬೆಲ್ ಅಂತ ಒಂದು ಲೈನ್ ಸೇರ್ಸು, ಮುಗೀತು,” ಎಂದ.

“ನಾಳೆ ಯಾರೋ ಒಂದ್ ಕಿಲೋ ಪಾರ್ಸೆಲ್ ಇಟ್ಟು ಮೇಲಕ್ಕೆ ಕಳಿಸಿದ್ರೆ?”

ನಾನು ಬುಡದಿಂದ ಶುರು ಮಾಡಿದೆ. ‘ಸುದ್ದಿ’ ಎಂದು ಒಂದೇ ಟೈಪ್, ಅದರೊಳಗೆ ಮೂರು ಬಗೆ: ತೂಕ, ಬಾಗಿಲು, ಬೆಲ್. ಲಿಸ್ಟಿನಲ್ಲಿ ಎಲ್ಲವೂ ಸುದ್ದಿಯೇ, ಆದರೆ ಪ್ರತಿಯೊಂದೂ ತನ್ನ ಹೆಸರು ಹೊತ್ತೇ ಬರಬೇಕು. ಬರೆದು ಮುಗಿಸಿದೆನೋ ಇಲ್ಲವೋ, ಬೆಲ್ ಬಂದರೆ ಏನು ಮಾಡಬೇಕೆಂದು ಹೇಳಿಲ್ಲದ ಜಾಗವನ್ನೆಲ್ಲ, ಕೋಡ್ ತಪಾಸಣೆ ಮಾಡುವ ಕಂಪೈಲರ್ ಹೆಕ್ಕಿ ತೋರಿಸಿ ಪರದೆ ತುಂಬ ಕೆಂಪು ಕಾರಿತು.

“ಉಳಿದಿದ್ದಕ್ಕೆಲ್ಲ ಅಂಡರ್‌ಸ್ಕೋರ್ ಹಾಕು ಮಾರಾಯ್ತಿ, ತೆಪ್ಪಗಾಗುತ್ತೆ,” ಎಂದ ನಂದೀಶ್. ಅಂಡರ್‌ಸ್ಕೋರ್ ಎಂದರೆ, ಬಂದದ್ದು ಏನೇ ಆಗಿರಲಿ, ಗಮನಿಸಬೇಡ ಎಂದರ್ಥ.

“ದೇವಕ್ಕನಿಗೆ ಹಾಕಿದ್ದು ಅದನ್ನೇ,” ಎಂದೆ. ಒಂದೊಂದೇ ಕೆಂಪು ಸಾಲಿಗೆ ಉತ್ತರ ಬರೆಯುತ್ತ ಹೋದೆ. ಊಟಕ್ಕೆ ಕರೆದರೂ ಏಳಲಿಲ್ಲ. ಕೊನೆಗೆ ನಂದೀಶನೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಶುಕ್ರವಾರ ಸಂಜೆಗೆ ಪರದೆ ತಿಳಿಯಾಯಿತು.

ಶನಿವಾರ ಬೆಳಿಗ್ಗೆ ದೇವಕ್ಕ ತನ್ನ ಚೀಲ ಒಯ್ಯಲು ಬಂದಿದ್ದಳು. ಕೆಳಗೆ ಮೆಟ್ಟಿಲ ಬಳಿಯೇ ಅವಳ ಕೈ ಹಿಡಿದೆ. “ಲಿಫ್ಟಿಗೆ ಬಾ ದೇವಕ್ಕ.”

“ಬ್ಯಾಡ್ರೀ ಅಕ್ಕಾರ, ನಂಗ ಅಂಜಿಕಿ ಬರ್ತದ.”

“ನಾನೂ ಒಳಗಿರ್ತೀನಿ. ಬೆಲ್ ಮಾತ್ರ ನೀನೇ ಒತ್ತಬೇಕು.”

ಒಳಗೆ ಹೋಗಿ ಒತ್ತಿದಳು. ಫ್ಯಾನ್ ತಿರುಗುತ್ತಲೇ ಇತ್ತು. ಹೊರಗೆ ಫೋನ್ ಕಿರುಚಿಕೊಂಡಿತು. ಸೆಕ್ಯುರಿಟಿಯವನು ಓಡಿಬಂದ, ಅವನ ಹಿಂದೆ ಪಂಚೆ ಎತ್ತಿಕೊಂಡು ಆಂಜಿನಪ್ಪ.

“ಏನಾಯ್ತು? ಯಾರು ಸಿಕ್ಕಾಕ್ಕೊಂಡ್ರು?”

“ಸೋಮವಾರ ದೇವಕ್ಕ ಸಿಕ್ಕಾಕ್ಕೊಂಡಿದ್ರು ಸಾರ್. ಲಿಫ್ಟ್ ಕೆಟ್ಟಿದ್ದು ಹಳೇ ವೈರ್ ಸುಟ್ಟು, ನೀರಿಂದಲ್ಲ ಅಂತ ರಿಪೇರಿಯವನೇ ಹೇಳಿದಾನೆ. ಬೆಲ್ ಒತ್ತಿದ್ರು, ಫ್ಯಾನೂ ನಿಂತಿತ್ತು. ತಪ್ಪು ನಮ್ಮ ಪ್ರೋಗ್ರಾಂದು. ಮೊಸರು ತಿಂದಿದ್ದು ಕೋತಿ, ಒರೆಸಿದ್ದು ಮೇಕೆ ಬಾಯಿಗೆ,” ಎಂದೆ. ನಂದೀಶ್ ಮೆಟ್ಟಿಲ ಮೇಲೆ ನಿಂತು ಹೌದೆಂದು ತಲೆಯಾಡಿಸಿದ.

ಆಂಜಿನಪ್ಪ ಒಂದು ಗಳಿಗೆ ಫೋನನ್ನೂ ದೇವಕ್ಕನನ್ನೂ ನೋಡಿದರು. “ಕೆಲ್ಸ ಮಾಡ್ಕೊಂಡಿರು ಬುಡಮ್ಮ,” ಎಂದು ಗೊಣಗಿದರು. ಫೋನ್ ಇನ್ನೂ ಕಿರುಚುತ್ತಲೇ ಇತ್ತು. “ಸಾಕು, ಬೆರಳು ತಗಿ. ಬಂದ್ವಲ್ಲ!”

ದೇವಕ್ಕ ಬೆರಳು ತೆಗೆಯಲಿಲ್ಲ.

“ಇದು ಸೋಮವಾರದ್ ಬೆಲ್ರೀ,” ಎಂದಳು.