ಗೌರಿಯ ಜೊಲ್ಲು

ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ಹಿತ್ತಲು ಉಳಿದಿರುವುದು ನಮ್ಮ ಮನೆಯೊಂದಕ್ಕೇ. ಅಲ್ಲಿ ತಗಡಿನ ಸೂರಿನ ಕೆಳಗೆ ಗೌರಿ ಎಂಬ ಹಸು ಇತ್ತು. ಬೆಳಿಗ್ಗೆ ಅದರ ಹಣೆಗೆ ಅರಿಶಿನ ಕುಂಕುಮ ಇಡದೆ ಅಮ್ಮ ಒಲೆ ಹಚ್ಚುತ್ತಿರಲಿಲ್ಲ. ಅದು ಅಂಗೈ ನೆಕ್ಕಿದರೆ ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುವುದು ನಮ್ಮಲ್ಲಿ ರೂಢಿ. ನಾನೂ ಹಾಗೇ ಬೆಳೆದವಳು.

ಹಿಂದಿನ ತಿಂಗಳು ಬೀದಿನಾಯಿಯೊಂದು ಹಿತ್ತಲಿಗೆ ನುಗ್ಗಿ ಗೌರಿಯ ಮೂತಿಗೆ ಕಚ್ಚಿತ್ತು. ಡಾಕ್ಟರನ್ನು ಕರೆಸೋಣ ಎಂದೆ. ಅಪ್ಪಾಜಿ ಗಾಯಕ್ಕೆ ಸುಣ್ಣ ಬಳಿಯುತ್ತಾ ನಕ್ಕರು.

"ಗೋಮಾತೆಗೆ ನಾಯಿ ವಿಷ ಏರಲ್ಲ ಕಣಮ್ಮ ಲಾಸ್ಯಾ. ಎಂ.ಎ. ಮಾಡ್ಬುಟ್ಟು ಹಸುಗೂ ಪಾಠ ಹೇಳೋಕ್ ಬಂದ್ಯಾ?"

ತಿಂಗಳು ಕಳೆದು ಒಂದು ಸೋಮವಾರ ಗೌರಿ ಮೇವು ಮುಟ್ಟಲಿಲ್ಲ. ಬಾಯಿಂದ ಹಗ್ಗದಂತೆ ಜೊಲ್ಲು ಇಳಿಯುತ್ತಿತ್ತು, ಕೂಗು ಒಡೆದು ಕರ್ಕಶವಾಗಿತ್ತು. ಪ್ಲಾಸ್ಟಿಕ್ ಕವರ್ ತಿಂದು ಗಂಟಲಲ್ಲಿ ಸಿಕ್ಕಿಸಿಕೊಂಡಿದೆ ಎಂದು ಮನೆಯವರು ತೀರ್ಮಾನಿಸಿದರಂತೆ. ಅಣ್ಣ ವಿಶ್ವನಾಥನ ಕೈ ಅದರ ಬಾಯೊಳಗೆ ಹೋಗಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಸಣ್ಣ ಕೈ ಅವನ ಹೆಂಡತಿ ಅಕ್ಷತಾಳದು. ನಾಲ್ಕು ತಿಂಗಳ ಬಸುರಿ. ಬಳೆ ತೆಗೆಸಿ ಅವಳ ಕೈಯನ್ನು ಗೌರಿಯ ಗಂಟಲಿಗೆ ಇಳಿಸಿದರು.

ನಾನು ಕೆಲಸದಿಂದ ಬಂದಾಗ ಅತ್ತಿಗೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಹಸುವಿನ ಹಲ್ಲು ತರಚಿ ಬೆರಳ ಗೆಣ್ಣುಗಳಲ್ಲಿ ರಕ್ತ. ಅದರ ಮೇಲೆ ಅಮ್ಮ ಮೆತ್ತಿದ್ದ ಅರಿಶಿನ, ಸುಣ್ಣ. ಮೊಣಕೈವರೆಗೂ ಜೊಲ್ಲು ಒಣಗಿ ಬೆಳ್ಳಗೆ ಸಿಪ್ಪೆಯೇಳುತ್ತಿತ್ತು. ತೊಳೆದಿರಲಿಲ್ಲ. ಗೋಮಾತೆಯ ಜೊಲ್ಲು ತೊಳೆದರೆ ಅಪಚಾರವಂತೆ.

ಮರುದಿನ ಗೌರಿ ಸತ್ತಿತು. ಪಶುವೈದ್ಯರು ಅದರ ಮೂತಿಯ ಕಲೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ರೇಬಿಸ್ ಇರ್ಬೇಕು ಕಣ್ರೀ. ಪರೀಕ್ಷೆ ಆಗ್ಲಿ ಅಂತ ಕಾಯ್ಬೇಡಿ. ಜೊಲ್ಲು ಮುಟ್ಟಿದೋರೆಲ್ಲ ಇವತ್ತೇ ಇಂಜೆಕ್ಷನ್ ತಗೊಳ್ಳಿ. ರೋಗ ಶುರುವಾದ್ಮೇಲೆ ಯಾವ ಡಾಕ್ಟ್ರೂ ಉಳಿಸೋಕಾಗಲ್ಲ."

ಅಣ್ಣ ಬೈಕಿನ ಕೀಲಿ ತೆಗೆದುಕೊಂಡ. ಗೋಮಾತೆಗೆ ವಿಷ ಏರುವುದಿಲ್ಲ ಎಂದಿದ್ದ ಅಪ್ಪಾಜಿ ತೆಪ್ಪಗೆ ಚಪ್ಪಲಿ ಮೆಟ್ಟಿದರು.

"ಅತ್ತಿಗೆ?" ಎಂದೆ.

"ಅವಳು ಬ್ಯಾಡ," ಎಂದರು ಅಮ್ಮ. "ಬಸುರಿಗೆ ನಾಯಿ ಇಂಜೆಕ್ಷನ್ನಾ? ಮಗು ಕೆಟ್ಟೋಗ್ಬುಡ್ತದೆ. ಮಂತ್ರಿಸಿದ ವಿಭೂತಿ ತಂದು ಹಚ್ಚಿದ್ರಾಯ್ತು."

"ತಾಯಿನೇ ಸತ್ರೆ ಮಗು ಎಲ್ಲಿರುತ್ತಮ್ಮ?"

"ಬುಡ್ತು ಅನ್ನು! ಓದಿದೋಳ ಬಾಯಿ ನೋಡು!"

ಅಣ್ಣ ಹೆಂಡತಿಯ ಕಡೆ ನೋಡಿದ. ಏನೋ ಹೇಳುವಂತೆ ಬಾಯಿ ತೆರೆದು, ಮುಚ್ಚಿಕೊಂಡು ಹೊರಟುಹೋದ. ಹಸುವಿನ ಗಂಟಲಿಗೆ ಬೇಕಾಗಿದ್ದ ಕೈ ಸೂಜಿಗೆ ಬೇಡವಾಗಿತ್ತು. ಸತ್ತ ಹಸುವಿನ ಬಾಯಿಗೆ ಮುತ್ತಿದ್ದ ನೊಣಗಳಿಗಿಂತ ಆ ಮೌನ ನನಗೆ ಹೆಚ್ಚು ಅಸಹ್ಯವೆನಿಸಿತು.

ಅತ್ತಿಗೆ ಎದ್ದು ನಲ್ಲಿ ತಿರುಗಿಸಿದಳು. ಸೋಪು ಹಚ್ಚಿ, ನೊರೆ ಬರಿಸಿ, ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದಳು. ಮೊದಲ ದಿನವೇ ಆಗಬೇಕಾಗಿದ್ದ ಕೆಲಸ. ಅರಿಶಿನ ಸುಣ್ಣ ಕಲೆತ ಕೆಂಪು ನೀರು ಮೋರಿಗೆ ಹರಿಯಿತು. ಅಷ್ಟರಲ್ಲಿ ನಾನು ಆಟೋ ಕರೆದೆ.

"ಹೊಸ್ಲು ದಾಟಿ ಮಗುಗೇನಾದ್ರೂ ಆದ್ರೆ, ಮತ್ತೆ ಈ ಮನೆ ಕಡೆ ಬರ್ಬ್ಯಾಡ," ಎಂದರು ಅಮ್ಮ.

"ಬದುಕಿದ್ರೆ ತಾನೆ ಅತ್ತೆ ಬರೋದು? ನೀವೂ ಸೆರಗಲ್ಲಿ ಜೊಲ್ಲು ಒರೆಸಿದ್ದೀರ. ಬನ್ನಿ, ಆಟೋದಲ್ಲಿ ಜಾಗ ಇದೆ."

ಅಮ್ಮ ಮುಖ ತಿರುಗಿಸಿದರು. ನಾವಿಬ್ಬರೇ ಹೊರಟೆವು.

ಆಸ್ಪತ್ರೆಯಲ್ಲಿ ಅಣ್ಣ ತೋಳಿಗೆ ಹತ್ತಿ ಒತ್ತಿಕೊಂಡು ಹೊರಬರುತ್ತಿದ್ದ. ನಮ್ಮನ್ನು ಕಂಡದ್ದೇ ಅಂಗಿಯ ತೋಳನ್ನು ಸರಕ್ಕನೆ ಕೆಳಗೆಳೆದುಕೊಂಡ.

"ನೀನ್ಯಾಕ್ ಬಂದೆ? ಅಮ್ಮ ಬ್ಯಾಡ ಅಂದಿರ್ಲಿಲ್ವಾ?"

ಅತ್ತಿಗೆ ಅವನನ್ನು ದಾಟಿ ಒಳಗೆ ಹೋದಳು. ಡಾಕ್ಟರಮ್ಮ ಅವಳ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಗಾಯದ ಸುತ್ತಲೂ ಔಷಧಿ ಚುಚ್ಬೇಕು, ನೋಯುತ್ತೆ. ತೋಳಿಗೆ ಲಸಿಕೆ. ಬಸುರಿಗೂ ಇದನ್ನೇ ಕೊಡೋದು, ಮಗುಗೆ ತೊಂದ್ರೆ ಇಲ್ಲ. ಮಿಕ್ಕ ಡೋಸು ಒಂದೂ ತಪ್ಪಿಸ್ಬೇಡಮ್ಮ."

"ಸ್ವಲ್ಪ ಇರಿ ಡಾಕ್ಟ್ರೇ," ಎಂದ ಅಣ್ಣ ಬಾಗಿಲಲ್ಲಿ ನಿಂತು. "ಮನೇಲಿ ಹಿರಿಯರನ್ನ ಒಂದ್ಮಾತು ಕೇಳಿ..."

"ಹಲ್ಲು ತಾಗಿರೋದು ಯಾರ ಕೈಗ್ರೀ?"

ಅಣ್ಣ ಅಂಗಿಯ ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡ.

"ನನ್ನ ಕೈಗೆ," ಎಂದಳು ಅತ್ತಿಗೆ. ಸ್ಟೂಲಿನ ಮೇಲೆ ಕುಳಿತು, ಕುಪ್ಪಸದ ತೋಳನ್ನು ತಾನೇ ಮೇಲಕ್ಕೆ ಮಡಚಿದಳು. "ಚುಚ್ಚಿ ಮೇಡಂ."